ತಾಯಿ ಬೆಕ್ಕು ಹಾಲು ಕೊಡದಿದ್ದರೆ ಮರಿಗಳಿಗೆ ಮೊದಲು ಬೇಕಾದದ್ದು ಹಾಲಲ್ಲ

ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಮಂಡಕ್ಕಿ ಭಟ್ಟಿಗಳು, ಅಕ್ಕಿ ಗಿರಣಿಗಳು, ಮಂಡಿಪೇಟೆಯ ಗೋದಾಮುಗಳು ಇರುವ ದಾವಣಗೆರೆಯಲ್ಲಿ ಬೆಕ್ಕಿಗೆ ಬರವಿಲ್ಲ. ಇವುಗಳಲ್ಲಿ ಎಷ್ಟೋ ಬೆಕ್ಕುಗಳು ಯಾರ ಮನೆಯವೂ ಅಲ್ಲ. ಹತ್ತಿರ ಹೋದರೆ ಬುಸ್ ಎನ್ನುತ್ತವೆ, ಕೈ ಚಾಚಿದರೆ ಪರಚುತ್ತವೆ. ಆದರೆ ಮರಿ ಹಾಕುವ ಹೊತ್ತಿಗೆ ಮಾತ್ರ ನಮ್ಮ ಅಟ್ಟವೇ ಬೇಕು, ಇಲ್ಲವೇ ಸ್ಕೂಟರ್ ಶೆಡ್ಡಿನ ಹಳೆ ಸಾಮಾನಿನ ಸಂದಿ.

ಆ ಮರಿಗಳು ರಾತ್ರಿಯಿಡೀ ಕಿರುಚತೊಡಗಿದರೆ ಮನೆಯವರಿಗೆ ನಿದ್ದೆ ಎಲ್ಲಿಯದು? ಯಾರೋ ಒಬ್ಬರು ಎದ್ದು ಹಾಲು ಬೆಚ್ಚಗೆ ಮಾಡುತ್ತಾರೆ. ಒಳಲೆಯಲ್ಲೋ ಚಮಚದಲ್ಲೋ ಮರಿಯ ಬಾಯಿಗೆ ಹುಯ್ಯುತ್ತಾರೆ. ಕರುಣೆಯಿಂದಲೇ ಮಾಡುವ ಕೆಲಸ ಇದು. ಆದರೆ ಎಷ್ಟೋ ಮರಿಗಳು ಸಾಯುವುದು ಇದರಿಂದಲೇ. ತಾಯಿ ಇದೆಯಾ ಎಂದು ನೋಡುವುದು ಮೊದಲು, ಆಮೇಲೆ ಮರಿಗೆ ಶಾಖ, ಅದಾದ ಮೇಲಷ್ಟೇ ಹಾಲು. ಈ ಸರದಿ ಯಾಕೆ ಹೀಗೆ ಅನ್ನೋದನ್ನು ಬುಡದಿಂದ ನೋಡೋಣ.

## ತಾಯಿ ನಿಜಕ್ಕೂ ಬಿಟ್ಟು ಹೋಗಿದೆಯಾ?

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಏಳು ಎಂಬ ಲೆಕ್ಕ ಬಿಡಿ, ಮಾತಿನಲ್ಲಿ ಹುರುಳಿದೆ. ಗಲಾಟೆ, ಬೆಳಕು, ನಾಯಿಯ ಸುಳಿವು, ಯಾವುದಾದರೂ ಒಂದು ಸಾಕು, ತಾಯಿ ಜಾಗ ಬದಲಿಸುತ್ತದೆ. ಒಂದು ಸಲಕ್ಕೆ ಒಂದೇ ಮರಿಯನ್ನು ಕತ್ತಿನ ಹಿಂದಿನ ಚರ್ಮ ಕಚ್ಚಿ ಒಯ್ಯುತ್ತದೆ. ಹಾಗಾಗಿ ಮೂಲೆಯಲ್ಲಿ ಒಂಟಿ ಮರಿ ಕಂಡರೆ ಅದು ಅನಾಥ ಎಂದೇನಲ್ಲ. ಅದರ ಸರದಿ ಇನ್ನೂ ಬಂದಿಲ್ಲದಿರಬಹುದು.

ಇನ್ನೊಂದು ಕಾರಣ ಹೊಟ್ಟೆಪಾಡು. ಬೀದಿ ಬೆಕ್ಕಿಗೆ ಯಾರೂ ಬಾಣಂತನ ಮಾಡುವುದಿಲ್ಲ. ತನ್ನ ಊಟ ತಾನೇ ಹುಡುಕಬೇಕು, ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ನೀವು ಅಲ್ಲೇ ನಿಂತು ಕಾಯುತ್ತಿದ್ದರೆ ಅದು ದೂರದಿಂದಲೇ ನಿಮ್ಮನ್ನು ನೋಡಿ ಬರದೆಯೂ ಇರಬಹುದು.

ಅದಕ್ಕೇ ಮೊದಲು ಮರಿಗಳ ಹೊಟ್ಟೆ ನೋಡಿ. ಹೊಟ್ಟೆ ದುಂಡಗಿದ್ದು, ಮೈ ಬೆಚ್ಚಗಿದ್ದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಬಂದು ಹೋಗುತ್ತಿದೆ ಎಂದೇ ಅರ್ಥ. ಆಗ ನೀವು ಮಾಡಬೇಕಾದದ್ದು ಏನೂ ಇಲ್ಲ. ಸುಮ್ನೆ ದೂರ ಸರಿಯಿರಿ. ಅನುಮಾನವಿದ್ದರೆ ಮರಿಗಳ ಸುತ್ತ ಅಕ್ಕಿಹಿಟ್ಟನ್ನು ತೆಳ್ಳಗೆ ಒಂದು ಸುತ್ತು ಉದುರಿಸಿ. ತಾಯಿ ಬಂದಿದ್ದರೆ ಹಿಟ್ಟಿನಲ್ಲಿ ಹೆಜ್ಜೆ ಮೂಡಿರುತ್ತದೆ. ರಂಗೋಲಿ ಪುಡಿ ಬೇಡ, ಬೆಕ್ಕು ಪಾದ ನೆಕ್ಕಿಕೊಳ್ಳುವ ಪ್ರಾಣಿ.

ಹೊಟ್ಟೆ ಒಳಕ್ಕೆ ಅಂಟಿದೆ, ಮೈ ತಣ್ಣಗಿದೆ, ಕೂಗು ನಿಲ್ಲುತ್ತಲೇ ಇಲ್ಲ ಅಥವಾ ಕೂಗುವ ಶಕ್ತಿಯೂ ಇಲ್ಲದೆ ಸುಮ್ಮನಾಗಿದೆ ಎಂದಾದರೆ ಹಿಟ್ಟು ಉದುರಿಸಿ ಕಾಯುವ ಹೊತ್ತಲ್ಲ. ಕೂಡಲೇ ಎತ್ತಿಕೊಳ್ಳಿ.

ಎತ್ತಿಕೊಂಡರೆ ಮನುಷ್ಯರ ವಾಸನೆಗೆ ತಾಯಿ ಮರಿ ಬಿಡುತ್ತದಲ್ಲ ಎಂಬ ಭಯ ಹಲವರಿಗಿದೆ. ವಾಸನೆಯೊಂದೇ ಕಾರಣಕ್ಕೆ ತಾಯಿ ಮರಿಯನ್ನು ಬಿಡುವುದಿಲ್ಲ. ಪದೇ ಪದೇ ಹೋಗಿ ಮುಟ್ಟಿ, ಫೋಟೊ ತೆಗೆದು, ಮಕ್ಕಳನ್ನೆಲ್ಲ ಕರೆದು ತೋರಿಸಿದರೆ ಮಾತ್ರ ಜಾಗ ಬಿಟ್ಟು ಹೋಗುತ್ತದೆ.

## ಪಕ್ಕದಲ್ಲೇ ಇದ್ದೂ ಹಾಲು ಕೊಡದಿರುವುದು ಯಾಕೆ?

ಹಾಲು ತಯಾರಾಗುವುದು ಬೇರೆ, ಹಾಲು ಇಳಿಯುವುದು ಬೇರೆ. ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಆಗ ಹಾಲು ಕೆಳಗಿಳಿಯುತ್ತದೆ. ತಾಯಿ ಹೆದರಿದ್ದರೆ ಅಡ್ರಿನಲಿನ್ ಏರಿ ಇದಕ್ಕೆ ಅಡ್ಡ ಬರುತ್ತದೆ. ಹಸು ಗಾಬರಿಯಾದರೆ ಸೊರ ಬಿಡುವುದಿಲ್ಲ ಎಂದು ಹೈನು ಮಾಡುವವರು ಹೇಳುವುದೂ ಇದನ್ನೇ. ಬೀದಿ ಬೆಕ್ಕಿಗೆ ನೀವೇ ದೊಡ್ಡ ಗಾಬರಿ. ಟಾರ್ಚ್ ಹಿಡಿದು ಗಂಟೆಗೊಮ್ಮೆ ಇಣುಕಿದರೆ ಅದು ಮರಿಗಳ ಬಳಿ ಮಲಗುವುದಾದರೂ ಹೇಗೆ?

ಚೊಚ್ಚಲ ತಾಯಿಗೆ ಏನು ಮಾಡಬೇಕೆಂದು ತಿಳಿಯದಿರುವುದೂ ಉಂಟು. ಬೆಕ್ಕು 4ರಿಂದ 6 ತಿಂಗಳಿಗೇ ಬೆದೆಗೆ ಬರಬಹುದು, ಅಂದರೆ ತಾನೇ ಇನ್ನೂ ಮರಿಯಾಗಿರುವಾಗ. ಮೈ ತಣ್ಣಗಾದ ಅಥವಾ ಹುಟ್ಟಿನಿಂದಲೇ ಸೋತ ಮರಿಯನ್ನು ತಾಯಿ ಪಕ್ಕಕ್ಕೆ ತಳ್ಳುವುದೂ ಇದೆ. ನೋಡುವವರಿಗೆ ಕ್ರೂರ ಅನ್ನಿಸುತ್ತದೆ. ಆದರೆ ಅಂಥ ಮರಿಗೆ ಮೊಲೆ ಹಿಡಿಯುವ ಕಸುವೇ ಇರುವುದಿಲ್ಲ, ಮೊಲೆ ಹಿಡಿಯದ ಮರಿಯತ್ತ ತಾಯಿಯೂ ತಿರುಗುವುದಿಲ್ಲ.

ಕಾಯಿಲೆ ಇನ್ನೊಂದು ಕಾರಣ. ಮೊಲೆ ಬಾತು, ಕೆಂಪಾಗಿ, ಮುಟ್ಟಿದರೆ ಬಿಸಿ ಎನಿಸಿದರೆ ಅದು ಕೆಚ್ಚಲು ಬಾವು. ಹಿಂದಿನಿಂದ ಕೆಟ್ಟ ವಾಸನೆಯ ದ್ರವ ಸೋರುತ್ತಿದ್ದರೆ ಮಾಸು ಒಳಗೆ ಉಳಿದಿರಬಹುದು, ಗರ್ಭಕೋಶದಲ್ಲಿ ಸೋಂಕಾಗಿರಬಹುದು. ಎರಡಕ್ಕೂ ಮನೆಮದ್ದು ಇಲ್ಲ. ಅನ್ನನೀರು ಬಿಟ್ಟು ಮಂಕಾಗಿ ಮಲಗಿದ ತಾಯಿಯನ್ನು ಪಶುವೈದ್ಯರೇ ನೋಡಬೇಕು.

ಕಾಯಿಲೆ ಇಲ್ಲದಿದ್ದರೆ ಸಹಾಯ ತೀರಾ ಸುಲಭ. ಒಂದು ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ, ಹಳೆ ಹತ್ತಿ ಸೀರೆ ಹಾಸಿ, ಕತ್ತಲಿರುವ ಮೂಲೆಯಲ್ಲಿಡಿ. ಸ್ವಲ್ಪ ದೂರದಲ್ಲಿ ನೀರು, ಬೇಯಿಸಿದ ಮೊಟ್ಟೆ, ಉಪ್ಪು ಖಾರ ಹಾಕದ ಮೀನು ಅಥವಾ ಕೋಳಿ ಇಡಿ. ಹಾಲೂಡಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಹೊಟ್ಟೆಗೆ ಹತ್ತಿರದಲ್ಲೇ ಸಿಕ್ಕರೆ ಅದು ಅಲೆಯುವುದು ಕಡಿಮೆಯಾಗುತ್ತದೆ, ಮರಿಗಳ ಜೊತೆ ಇರುವುದು ಜಾಸ್ತಿಯಾಗುತ್ತದೆ. ಬೆದರಿದ ಬೀದಿ ಬೆಕ್ಕನ್ನು ಹಿಡಿದು ಒತ್ತಿ ಮಲಗಿಸಿ ಮರಿಗೆ ಮೊಲೆ ಕೊಡಿಸುವ ಸಾಹಸ ಮಾತ್ರ ಬೇಡ.

## ಮೊದಲು ಶಾಖ

ಈಗ ತಾಯಿ ಬರಲೇ ಇಲ್ಲ, ಅಥವಾ ಬಂದೂ ಮರಿ ಸೋಕಿಸಲಿಲ್ಲ ಎಂದಿಟ್ಟುಕೊಳ್ಳಿ.

ಆಗ ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಮೈಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚಳಿಯಾದರೆ ನಾವು ನಡುಗುತ್ತೇವೆ, ನಡುಗಿದರೆ ಮೈ ಕಾಯುತ್ತದೆ. ಹುಟ್ಟಿದ ಮೊದಲ ವಾರ ಬೆಕ್ಕಿನ ಮರಿಗೆ ನಡುಗಲೂ ಬರುವುದಿಲ್ಲ. ಅದರ ಶಾಖವೆಲ್ಲ ತಾಯಿಯ ಹೊಟ್ಟೆಯದು, ಒಡಹುಟ್ಟಿದವುಗಳದು.

ಮೈ ತಣ್ಣಗಾದಾಗ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಲು ಹಾಕುವುದೆಂದರೆ ಒಲೆ ಹಚ್ಚದೆ ಅನ್ನಕ್ಕೆ ಎಸರಿಟ್ಟ ಹಾಗೆ. ಹಾಲು ಹೊಟ್ಟೆಯಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ನುಂಗುವ ಶಕ್ತಿಯೂ ಕುಂದಿರುವುದರಿಂದ ಹಾಲು ಶ್ವಾಸಕೋಶಕ್ಕೂ ಇಳಿಯಬಹುದು. ಅದಕ್ಕೇ ತಣ್ಣಗಿರುವ ಮರಿಗೆ ಒಂದು ತೊಟ್ಟು ಹಾಲನ್ನೂ ಕೊಡಬಾರದು.

ತಣ್ಣಗಿದೆಯೋ ಇಲ್ಲವೋ ಎಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಕೈ ತೊಳೆದುಕೊಂಡು ಕಿರುಬೆರಳಿನ ತುದಿಯನ್ನು ಮರಿಯ ಬಾಯೊಳಗೆ ಇಡಿ. ಒಳಗೆ ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಹಾಲಿಗೆ ತಯಾರು. ಬಾಯೊಳಗೂ ತಂಪಾಗಿದ್ದು ನಾಲಿಗೆ ಅಲ್ಲಾಡದಿದ್ದರೆ ಮೊದಲು ಕಾಯಿಸಬೇಕು.

ಕಾಯಿಸುವುದೂ ನಿಧಾನವಾಗಿಯೇ ಆಗಬೇಕು. ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಊದುವುದು ಅಪಾಯ. ಮೊದಲು ನಿಮ್ಮ ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಆಮೇಲೆ ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಬುಟ್ಟಿಯ ಒಂದು ಪಕ್ಕಕ್ಕೆ ಮಾತ್ರ ಇಡಿ. ಸೆಕೆಯಾದರೆ ಮರಿ ತೆವಳಿ ಇನ್ನೊಂದು ಪಕ್ಕಕ್ಕೆ ಹೋಗಲು ಜಾಗ ಇರಬೇಕು. ತೀರಾ ತಣ್ಣಗಾದ ಮರಿ ಸುಧಾರಿಸಲು ಒಂದೆರಡು ಗಂಟೆಗಿಂತ ಹೆಚ್ಚೂ ಬೇಕಾಗಬಹುದು. ಅಷ್ಟರಲ್ಲಿ ಮರಿ ತೀರಾ ಸೊರಗಿದ್ದರೆ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಒಂದು ಹನಿಯನ್ನು ಒಸಡಿಗೆ ಸವರಬಹುದು. ಸವರಬೇಕು, ಕುಡಿಸಬಾರದು.

ಮೊದಲ ವಾರ ಮರಿಯ ಸುತ್ತಲಿನ ಗಾಳಿ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡನೇ ವಾರ 27ರಿಂದ 29 ಸಾಕು. ಡಿಸೆಂಬರ್ ರಾತ್ರಿಗಳಲ್ಲಿ ನಮ್ಮಲ್ಲಿ ಇದಕ್ಕೆ ಬಿಸಿನೀರಿನ ಬಾಟಲಿ ಬೇಕೇ ಬೇಕು, ತಣ್ಣಗಾದ ಹಾಗೆಲ್ಲ ಬದಲಿಸುತ್ತಿರಬೇಕು. ಏಪ್ರಿಲ್ ಮಧ್ಯಾಹ್ನದ ಕಥೆ ಉಲ್ಟಾ. ತಗಡಿನ ಶೆಡ್ಡಿನ ಕೆಳಗೆ ಮರಿಗಳು ಬೆಂದು ಹೋಗುತ್ತವೆ. ಬಾಯಿ ತೆರೆದು ಏದುಸಿರು ಬಿಡುತ್ತ, ಒಂದನ್ನೊಂದು ತಾಗದೆ ದೂರ ದೂರ ಬಿದ್ದಿದ್ದರೆ ಸೆಕೆ ಹೆಚ್ಚಾಗಿದೆ ಎಂದು ತಿಳಿಯಿರಿ.

ಇರುವೆಯ ವಿಷಯ ಮರೆಯಬೇಡಿ. ಹುಟ್ಟಿದ ಮರಿಯ ಹಸಿ ಮೈಗೆ, ಹೊಕ್ಕುಳ ಬಳ್ಳಿಗೆ ಇರುವೆ ಮುತ್ತುತ್ತದೆ. ಪರಾತದಲ್ಲಿ ನೀರು ಹಾಕಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಬುಟ್ಟಿ ಇಟ್ಟರೆ ಆಯಿತು. ಬುಟ್ಟಿಯ ಅಂಚು ಆಳವಾಗಿರಲಿ, ಮರಿ ತೆವಳಿ ನೀರಿಗೆ ಬೀಳಬಾರದು. ಇರುವೆ ಪುಡಿ, ಇರುವೆ ಸೀಮೆಸುಣ್ಣ ಹತ್ತಿರಕ್ಕೂ ಬೇಡ. ಅದರ ವಿಷ ಬೆಕ್ಕಿಗೂ ತಾಗುತ್ತದೆ.

## ಯಾವ ಹಾಲು?

ಬೆಕ್ಕು ಹಾಲು ಕುಡಿಯುತ್ತದೆ ಎನ್ನುವುದು ನಿಜ. ಹಸುವಿನ ಹಾಲು ಬೆಕ್ಕಿನ ಮರಿಗೆ ಆಗುತ್ತದೆ ಎನ್ನುವುದು ನಿಜವಲ್ಲ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಸುಮಾರು ಎರಡರಷ್ಟಿದೆ, ಕೊಬ್ಬೂ ಜಾಸ್ತಿ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯ ಪಾಲು ಹೆಚ್ಚು. ಅದು ಅರಗದೆ ಮರಿಗೆ ಭೇದಿ ಹಿಡಿಯುತ್ತದೆ. 100 ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಭೇದಿ ಸಾಕು ಮೈಯ ನೀರೆಲ್ಲ ಹೋಗಲು. ಹಾಲಿಗೆ ನೀರು ಬೆರೆಸಿ ತೆಳು ಮಾಡಿದರೆ ಇನ್ನೂ ಕೆಟ್ಟದ್ದು, ಮೊದಲೇ ಕಡಿಮೆ ಇರುವ ಪ್ರೋಟೀನ್ ಇನ್ನಷ್ಟು ಇಳಿಯುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಸಾಕಷ್ಟಿದ್ದರೂ ಉಳಿದ ಲೆಕ್ಕ ಹೊಂದುವುದಿಲ್ಲ. ಮಕ್ಕಳ ಡಬ್ಬಿ ಹಾಲಿನ ಪುಡಿಯೂ ಮಕ್ಕಳ ಲೆಕ್ಕಕ್ಕೆ ಮಾಡಿದ್ದು, ಮರಿಗಲ್ಲ.

ಬೇಕಾದದ್ದು ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ. ಕೆಎಂಆರ್, ರಾಯಲ್ ಕ್ಯಾನಿನ್ ಬೇಬಿಕ್ಯಾಟ್ ಮಿಲ್ಕ್ ಇಂಥವು. ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಇದರಲ್ಲಿ ಟಾರಿನ್ ಎಂಬ ಅಂಶವನ್ನೂ ಸೇರಿಸಿರುತ್ತಾರೆ. ಬೆಕ್ಕಿನ ಕಣ್ಣು ಮತ್ತು ಹೃದಯಕ್ಕೆ ಅದು ಇಲ್ಲದೆ ಆಗುವುದಿಲ್ಲ, ಹಸುವಿನ ಹಾಲಿನಲ್ಲಿ ಅದು ತೀರಾ ಕಡಿಮೆ.

ಪುಡಿ ಬರುವ ತನಕ ಏನು ಮಾಡುವುದು? ತೀರಾ ಗತಿಯಿಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಕಾಯಿಸಿ ಆರಿಸಿದ ಆಡಿನ ಹಾಲು ಆಗಬಹುದು. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಅದು ಸಿಗುವುದು ಕಷ್ಟವೇನಲ್ಲ. ಆದರೆ ಅದನ್ನೇ ನೆಚ್ಚಿ ವಾರಗಟ್ಟಲೆ ಸಾಕಲು ಹೋಗಬೇಡಿ.

## ಕುಡಿಸುವ ಬಗೆ

ಮನುಷ್ಯರ ಕೂಸಿನ ಹಾಗೆ ಅಂಗಾತ ಮಲಗಿಸಬಾರದು. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅಂಗಾತ ಮಲಗಿಸಿದರೆ ಹಾಲು ನೇರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಾಯಿಯ ಬಳಿ ಮರಿ ಹೇಗೆ ಹೊಟ್ಟೆ ಕೆಳಗೆ ಮಾಡಿ, ತಲೆ ತುಸು ಎತ್ತಿ ಕುಡಿಯುತ್ತದೋ ಹಾಗೆಯೇ ಟವೆಲ್ ಮೇಲೆ ಇರಿಸಿ. ಮುಂಗಾಲು ಊರಿ ಒತ್ತಲು ಏನಾದರೂ ಸಿಗಬೇಕು.

ಮರಿಗಳಿಗೆಂದೇ ಬರುವ ಪುಟ್ಟ ನಿಪ್ಪಲ್ ಬಾಟಲಿ ಒಳ್ಳೆಯದು. ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ 2 ಮಿಲಿ ಸಿರಿಂಜ್, ಸೂಜಿ ತೆಗೆದು. ಬಾಯಿಯ ಒಂದು ಪಕ್ಕದಿಂದ ತುದಿ ಇಟ್ಟು ಹನಿ ಹನಿಯಾಗಿ ಬಿಡಿ. ಮರಿ ಚೀಪಿದಷ್ಟೇ ನೀವು ಒತ್ತಬೇಕು. ಸರಿಯಾಗಿ ಚೀಪಿ ನುಂಗುತ್ತಿದ್ದರೆ ಕಿವಿಗಳು ತಾಳಕ್ಕೆ ತಕ್ಕಂತೆ ಪುಟಪುಟ ಅಲ್ಲಾಡುತ್ತವೆ. ಅದನ್ನು ನೋಡುತ್ತ ಕುಡಿಸಿದರೆ ಕೈ ತಾನಾಗಿ ಹದಕ್ಕೆ ಬರುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ಕೂಡಲೇ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ ಒರೆಸಿ. ಒಳಲೆ, ಚಮಚ ಬೇಡ ಎನ್ನುವುದೂ ಇದಕ್ಕೇ. ಅವು ಹುಯ್ಯುತ್ತವೆ, ಮರಿಗೆ ಚೀಪಲು ಬಿಡುವುದಿಲ್ಲ.

ಹಾಲು ಮೈ ಬಿಸಿಯಷ್ಟಿರಲಿ, ಅಂದರೆ ಸುಮಾರು 38 ಡಿಗ್ರಿ. ಮುಂಗೈ ಮೇಲೆ ಹನಿ ಬಿಟ್ಟರೆ ಬಿಸಿಯೂ ಅಲ್ಲ, ತಂಪೂ ಅಲ್ಲ ಅನ್ನಿಸಬೇಕು. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿಲಿ, ಹೊಟ್ಟೆಯ ಅಳತೆಯೇ ಅಷ್ಟು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಎರಡನೇ ವಾರ ಮೂರು ನಾಲ್ಕು ಗಂಟೆಗೊಮ್ಮೆ. ಮನೆಯಲ್ಲಿ ಇಬ್ಬರು ಪಾಳಿ ಹಾಕಿಕೊಳ್ಳದಿದ್ದರೆ ಮೂರನೇ ರಾತ್ರಿಗೆ ಸಾಕಪ್ಪಾ ಸಾಕು ಅನ್ನಿಸುತ್ತದೆ, ಇದನ್ನು ಮೊದಲೇ ತಿಳಿದು ಕೈ ಹಾಕುವುದು ಒಳ್ಳೆಯದು. ಕಲಸಿದ ಹಾಲು ಉಳಿದರೆ ಚೆಲ್ಲಿ, ಬಾಟಲಿ ಸಿರಿಂಜ್ ಕುದಿನೀರಿನಲ್ಲಿ ತೊಳೆಯಿರಿ.

## ಕುಡಿಸಿದರೆ ಮುಗಿಯಲಿಲ್ಲ

ಪುಟ್ಟ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿದಾಗಲೇ ಅದು ಆಗುವುದು. ಹಾಲು ಸರಿಯಾಗಿ ಕೊಟ್ಟೂ ಇದು ಗೊತ್ತಿಲ್ಲದೆ ಮರಿ ಕಳೆದುಕೊಂಡವರಿದ್ದಾರೆ. ಪ್ರತಿ ಸಲ ಹಾಲು ಕುಡಿಸಿದಾಗಲೂ ಹತ್ತಿಯನ್ನು ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೆಲ್ಲಗೆ ಸವರಿ. ಸ್ವಲ್ಪ ಹೊತ್ತಿಗೆ ಹತ್ತಿ ಹಳದಿಯಾಗುತ್ತದೆ. ಉಚ್ಚೆ ಪ್ರತಿ ಸಲ ಬರಬೇಕು, ಕಕ್ಕ ದಿನಕ್ಕೊಮ್ಮೆ ಆದರೂ ಸರಿ. ಉಚ್ಚೆ ಗಾಢ ಹಳದಿಯಾಗಿದ್ದರೆ ಮೈಯಲ್ಲಿ ನೀರು ಸಾಲುತ್ತಿಲ್ಲ. ಕಕ್ಕ ಸಾಸಿವೆ ಬಣ್ಣಕ್ಕೆ ಮೆತ್ತಗಿದ್ದರೆ ಎಲ್ಲ ಸರಿಯಿದೆ, ನೀರಾಗಿ ಹೋದರೆ ಡಾಕ್ಟರನ್ನು ಕಾಣಿ. ಮೂರು ವಾರ ಕಳೆಯುವವರೆಗೆ ಈ ಕೆಲಸ ತಪ್ಪಿದ್ದಲ್ಲ.

ಮರಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ 10 ಗ್ರಾಂ ಆದರೂ ಏರಬೇಕು, ಎರಡು ವಾರಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಒಂದು ದಿನ ಏರದೆ ನಿಂತರೆ ಎಚ್ಚರ, ಇಳಿದರೆ ಪಶು ಆಸ್ಪತ್ರೆಗೆ ಓಡಿ. ಒಸಡು ಬಿಳಚಿದ್ದರೂ ಅಷ್ಟೇ. ಅದಕ್ಕೆ ಚಿಗಟ ಕಾರಣ ಇರಬಹುದು, ಇಷ್ಟು ಪುಟ್ಟ ಮೈಯ ರಕ್ತವನ್ನು ಚಿಗಟಗಳು ಹೀರಿ ಮುಗಿಸಬಲ್ಲವು. ಸೀರಣಿಗೆಯಲ್ಲಿ ಬಾಚಿ ತೆಗೆಯಿರಿ. ನಾಯಿಗೆ ಹಾಕುವ ಚಿಗಟದ ಔಷಧಿಯನ್ನು ಮಾತ್ರ ಸೋಕಿಸಬೇಡಿ. ಅಂಥ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಇಷ್ಟೆಲ್ಲ ಮಾಡಿಯೂ ಒಂದೆರಡು ಮರಿ ಉಳಿಯದೆ ಹೋಗಬಹುದು. ಹುಟ್ಟಿನಲ್ಲೇ ದೋಷವಿದ್ದರೆ, ಗಿಣ್ಣು ಹಾಲು ಸಿಗದೆ ಇದ್ದರೆ ನಮ್ಮ ಆರೈಕೆಗೂ ಮಿತಿಯಿದೆ. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಬಹುಮಟ್ಟಿಗೆ ಆ ಮೊದಲ ಹಾಲಿನಿಂದ. ಹುಟ್ಟಿ ಒಂದು ದಿನದೊಳಗೆ ಕರುಳು ಅದನ್ನು ಹೀರುವ ಬಾಗಿಲು ಮುಚ್ಚಿಕೊಳ್ಳುತ್ತದೆ.

## ಬೇರೆ ತಾಯಿ ಸಿಕ್ಕರೆ

ಹತ್ತಿರದಲ್ಲಿ ಇನ್ನೊಂದು ಬೆಕ್ಕು ಇದೇ ದಿನಗಳಲ್ಲಿ ಮರಿ ಹಾಕಿದ್ದರೆ ಬಾಟಲಿಗಿಂತ ಅದೇ ಮೇಲು. ಬೆಕ್ಕುಗಳು ಒಂದರ ಮರಿಗೆ ಇನ್ನೊಂದು ಹಾಲು ಕೊಡುವುದು ಸಾಮಾನ್ಯ. ಆ ತಾಯಿಯ ಮರಿಗಳ ಹಾಸು ಬಟ್ಟೆಯಿಂದ ಈ ಮರಿಯ ಮೈ ಒರೆಸಿ, ಅದು ಊಟಕ್ಕೆ ಹೋದಾಗ ನಡುವೆ ಸೇರಿಸಿ. ಬುಸ್ ಎಂದು ದೂರ ತಳ್ಳಿದರೆ ವಾಪಸ್ ತನ್ನಿ, ನೆಕ್ಕಿದರೆ ನಿಮ್ಮ ಕೆಲಸ ಮುಗಿಯಿತು. ಹೆತ್ತ ತಾಯಿಯೇ ಒಂದೆರಡು ದಿನದಲ್ಲಿ ಸುಧಾರಿಸಿ ಮರಿಗಳನ್ನು ಹುಡುಕಿಕೊಂಡು ಬರುವುದೂ ಉಂಟು. ಮರಿಗಳನ್ನು ಕಾಯಿಸಿ, ಕುಡಿಸಿ ಅದೇ ಜಾಗದಲ್ಲಿಟ್ಟು ದೂರದಿಂದ ನೋಡಿ.

## ಕಚ್ಚಿದರೆ, ಪರಚಿದರೆ

ಬೀದಿ ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಬಾಣಂತಿ ಬೆಕ್ಕಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಇರುವಾಗ ಮರಿಗಳಿಗೆ ಕೈ ಹಾಕಬೇಡಿ. ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ ಇದ್ದೇ ಇದೆ.

## ಕಣ್ಣು ಬಿಟ್ಟ ಮೇಲೆ

ಏಳರಿಂದ 14 ದಿನದೊಳಗೆ ಕಣ್ಣು ಬಿಡುತ್ತವೆ. ಮೂರನೇ ವಾರ ತಟ್ಟಾಡುತ್ತ ನಡೆಯುತ್ತವೆ. ನಾಲ್ಕೈದು ವಾರಕ್ಕೆ ಹಾಲಿನ ಜೊತೆ ನುಣ್ಣಗೆ ಅರೆದ ಮೀನು, ಕೋಳಿ ಅಥವಾ ಮರಿಗಳ ಆಹಾರವನ್ನು ತಟ್ಟೆಯಲ್ಲಿಟ್ಟು ರೂಢಿ ಮಾಡಿಸಬಹುದು. ಜಂತುಹುಳದ ಔಷಧಿ, ಆರೆಂಟು ವಾರಕ್ಕೆ ಶುರುವಾಗುವ ಲಸಿಕೆ, ಇವನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ.

ದೊಡ್ಡವಾದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರುವ ರೂಢಿ ಇನ್ನೂ ಹೋಗಿಲ್ಲ. ಉಪವಾಸ ಬೀಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸಾಕುವವರನ್ನು ಹುಡುಕಲು ಎಂಟು ವಾರದ ಹೊತ್ತು ಸರಿಯಾದದ್ದು.

ಅಟ್ಟದ ತಾಯಿಗೂ ಅಷ್ಟರೊಳಗೆ ಒಂದು ದಾರಿ ಮಾಡಬೇಕು. ಬೆಕ್ಕಿನ ಗರ್ಭ ಒಂಬತ್ತು ವಾರದ್ದು. ಹಾಲು ಕೊಡುತ್ತಿರುವಾಗಲೇ ಅದು ಮತ್ತೆ ಗಬ್ಬ ಕಟ್ಟಬಹುದು. ಮರಿಗಳು ಹಾಲು ಬಿಟ್ಟ ಕೂಡಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಎರಡು ಮೂರು ತಿಂಗಳಲ್ಲಿ ಅದೇ ಮೂಲೆಯಲ್ಲಿ ಮತ್ತೆ ಮರಿ. ಕಾಡು ಸ್ವಭಾವದ ಬೆಕ್ಕನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ, ಬೋನೇ ಬೇಕು. ದಿನಾ ಊಟ ಇಡುತ್ತಿದ್ದ ತಟ್ಟೆಯನ್ನು ಕೊನೆಯ ವಾರ ಬಾಗಿಲು ತೆರೆದ ಬೋನಿನೊಳಗೇ ಇಡುತ್ತ ಬನ್ನಿ. ಆಪರೇಷನ್ನಿನ ದಿನ ಗೊತ್ತಾದ ಮೇಲೆ ಬಾಗಿಲು ಹಾಕಿದರಾಯಿತು.